ಕೊಡಗಿನಿಂದ ತ್ರಿಶಂಕು ನಕ್ಷತ್ರ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಮೂಟೆ ಕಟ್ಟಿ ಕಣ ಖಾಲಿಯಾದ ಮೇಲೆ ನಮ್ಮನೆಯಲ್ಲಿ ಅಲ್ಲಿ ಚಾಪೆ ಹಾಸುವ ಅಭ್ಯಾಸವಿದೆ. ನೆಂಟರು, ಪಕ್ಕದ ತೋಟದವರು, ಅವರ ಮಕ್ಕಳು ಎಲ್ಲ ಬರುತ್ತಾರೆ. ಪ್ರತಿ ವರ್ಷವೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವ ಸಮಯ, ಎತ್ತರದ ಲೆಕ್ಕವೆಲ್ಲ ಮಡಿಕೇರಿಗೆ ಹೊಂದುವಂಥದ್ದು. ಕುಶಾಲನಗರಕ್ಕೋ ಪೊನ್ನಂಪೇಟೆಗೋ ಆದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ.

ತ್ರಿಶಂಕು ಅಂದರೆ ದಕ್ಷಿಣ ಶಿಲುಬೆನಾ?

ಹೌದು, ಅದೇ. ಇಂಗ್ಲಿಷಿನವರ ಸದರ್ನ್ ಕ್ರಾಸ್, ಖಗೋಳದವರ ಪಟ್ಟಿಯಲ್ಲಿ ಕ್ರಕ್ಸ್. ಆಕಾಶವನ್ನು 88 ನಕ್ಷತ್ರಪುಂಜಗಳಾಗಿ ಹಂಚಿದ್ದಾರೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಇದು. ಇಡೀ ಆಕಾಶವನ್ನು 600 ಪಾಲು ಮಾಡಿದರೆ ಇದಕ್ಕೆ ಸಿಗುವುದು ಒಂದೇ ಪಾಲು. ಅತಿ ದೊಡ್ಡ ಪುಂಜವಾದ ಹೈಡ್ರಾದೊಳಗೆ ಇಂಥ 19 ತ್ರಿಶಂಕುಗಳನ್ನು ತುಂಬಬಹುದು.

ಚಿಕ್ಕದಾದರೂ ಸಪ್ಪೆ ಅಲ್ಲ. ಮೂರ್ನಾಲ್ಕು ಬೆರಳ ಅಗಲದ ಜಾಗದಲ್ಲಿ ನಾಲ್ಕು ಹೊಳೆಯುವ ನಕ್ಷತ್ರಗಳಿವೆ. ಒಂದು ಸಲ ಗುರುತು ಸಿಕ್ಕರೆ ಮತ್ತೆ ಮರೆಯುವುದಿಲ್ಲ.

ಅದು ಆಸ್ಟ್ರೇಲಿಯಾದಲ್ಲಿ ಕಾಣುವುದಲ್ವಾ? ಕೊಡಗಿನಿಂದ ಹೇಗೆ?

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಧ್ವಜಗಳಲ್ಲಿ ಇರುವುದರಿಂದ ಎಲ್ಲರಿಗೂ ಹಾಗನ್ನಿಸುತ್ತದೆ. ಅವರಿಗೆ ಅದು ತಲೆಯ ಮೇಲೆಯೇ ಬರುತ್ತದೆ. ನಮಗೆ ದಕ್ಷಿಣ ದಿಕ್ಕಿನಲ್ಲಿ ತಗ್ಗಿನಲ್ಲಿ. ಮಡಿಕೇರಿ ಭೂಮಧ್ಯರೇಖೆಯಿಂದ ಉತ್ತರಕ್ಕೆ 12.4 ಡಿಗ್ರಿಯಲ್ಲಿದೆ. ಆ ಲೆಕ್ಕದಲ್ಲಿ ಶಿಲುಬೆಯ ಬುಡದ ನಕ್ಷತ್ರ ಹೆಚ್ಚೆಂದರೆ ಹದಿನಾಲ್ಕೂವರೆ ಡಿಗ್ರಿ ಎತ್ತರಕ್ಕೆ ಬರುತ್ತದೆ, ತುದಿಯ ನಕ್ಷತ್ರ ಇಪ್ಪತ್ತೂವರೆ ಡಿಗ್ರಿಗೆ.

ಡಿಗ್ರಿ ಲೆಕ್ಕ ಬೇಡ ಅನ್ನುವವರಿಗೆ ಮುಷ್ಟಿ ಲೆಕ್ಕ ಇದೆ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಆಕಾಶ ನೆಲಕ್ಕೆ ತಾಗುವ ಗೆರೆಯ ಮೇಲೆ ಒಂದು ಮುಷ್ಟಿ ಇಡಿ, ಅದರ ಮೇಲೆ ಇನ್ನೊಂದು. ಮೇಲಿನ ಮುಷ್ಟಿಯ ನಡುವೆ ಬುಡದ ನಕ್ಷತ್ರ, ಅದೇ ಮುಷ್ಟಿಯ ಮೇಲಂಚಿನಲ್ಲಿ ತುದಿಯ ನಕ್ಷತ್ರ. ಮಕ್ಕಳ ಕೈ ಚಿಕ್ಕದು, ತೋಳೂ ಗಿಡ್ಡ. ಹಾಗಾಗಿ ಲೆಕ್ಕ ಅವರಿಗೂ ಸರಿಹೋಗುತ್ತದೆ.

ನಮ್ಮ ತೋಟದ ಸುತ್ತ ಬರೀ ಸಿಲ್ವರ್ ಓಕ್. ಕಾಣುತ್ತಾ?

ಕೊಡಗಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ನಮಗೆ ತ್ರಿಶಂಕು ತಪ್ಪಿಹೋಗುವುದಕ್ಕೆ ಮೋಡದಷ್ಟೇ ಮರ, ಗುಡ್ಡಗಳೂ ಕಾರಣ.

25 ಮೀಟರ್ ಎತ್ತರದ ಸಿಲ್ವರ್ ಓಕ್ ನಿಮ್ಮಿಂದ 100 ಮೀಟರ್ ದೂರದಲ್ಲಿದ್ದರೆ ಅದು 14 ಡಿಗ್ರಿವರೆಗೆ ಆಕಾಶ ಮುಚ್ಚುತ್ತದೆ. ಅಂದರೆ ಬುಡದ ನಕ್ಷತ್ರ ಸರಿಯಾಗಿ ಮರದ ತುದಿಯಲ್ಲಿ ಕೂರುತ್ತದೆ. ಅದೇ ಮರ 50 ಮೀಟರ್ ದೂರದಲ್ಲಿದ್ದರೆ ಇಡೀ ಶಿಲುಬೆ ಎಲೆಗಳ ಹಿಂದೆ. ಗುಡ್ಡದ ಲೆಕ್ಕವೂ ಹೀಗೆಯೇ. 400 ಮೀಟರ್ ಆಚೆ 100 ಮೀಟರ್ ಎತ್ತರದ ಗುಡ್ಡವಿದ್ದರೆ ಮತ್ತೆ ಅದೇ 14 ಡಿಗ್ರಿ.

ಸುಮ್ನೆ ಹಗಲಲ್ಲೇ ಒಂದು ಸಲ ನೋಡಿಬಿಡಿ. ದಕ್ಷಿಣಕ್ಕೆ ಮುಖ ಮಾಡಿ ನಿಂತು ಮುಷ್ಟಿ ಹಿಡಿಯಿರಿ. ಮರ, ಗುಡ್ಡ, ಮನೆಯ ಮಾಡು ಎಲ್ಲವೂ ಒಂದು ಮುಷ್ಟಿಯ ಒಳಗೇ ಇದ್ದರೆ ಜಾಗ ಚೆನ್ನಾಗಿದೆ. ಕಾಫಿ ಕಣ, ಗದ್ದೆ ಬಯಲು, ಕೆರೆಯ ಉತ್ತರದ ದಡ, ಶಾಲೆಯ ಆಟದ ಮೈದಾನ, ಇಂಥವು ಒಳ್ಳೆಯದು. ನಮ್ಮ ಕಣದ ದಕ್ಷಿಣಕ್ಕೆ ಒಂದು ಹಲಸಿನ ಮರವಿದೆ. ಕಣದ ಮೂಲೆಗೆ ಹೋಗಿ ನಿಂತರೆ ಶಿಲುಬೆ ಪೂರ್ತಿ ಕಾಣುತ್ತದೆ. ಹತ್ತು ಹೆಜ್ಜೆ ಮುಂದೆ ಬಂದರೆ ಅರ್ಧ ಹಲಸಿನ ಮರಕ್ಕೆ ಹೋಗುತ್ತದೆ.

ಶ್ರೀಮಂಗಲ, ಬಿರುನಾಣಿ, ಕುಟ್ಟ ಕಡೆಯವರಿಗೆ ದಕ್ಷಿಣದಲ್ಲಿ ಬ್ರಹ್ಮಗಿರಿ ಸಾಲೇ ಅಡ್ಡ ನಿಂತಿದೆ. ಬೆಟ್ಟದ ಬುಡಕ್ಕೆ ಅಂಟಿಕೊಂಡಿರುವ ಮನೆಯಾದರೆ ಕಷ್ಟ. ಸ್ವಲ್ಪ ಉತ್ತರಕ್ಕೆ, ಬಯಲಿನ ಈಚೆ ಬದಿಗೆ ಬಂದರೆ ಸಿಗುತ್ತದೆ.

ಯಾವ ತಿಂಗಳು, ಎಷ್ಟು ಹೊತ್ತಿಗೆ?

ಶಿಲುಬೆ ನೆಟ್ಟಗೆ ನಿಂತು ಅತಿ ಎತ್ತರದಲ್ಲಿರುವ ಹೊತ್ತು ಸುಮಾರಾಗಿ ಹೀಗೆ: ಮಕರ ಸಂಕ್ರಾಂತಿಗೆ ಬೆಳಗಿನ ಜಾವ 5:20. ಫೆಬ್ರವರಿ ನಡುವಿಗೆ ಮೂರೂಕಾಲು. ಮಾರ್ಚ್ ಕೊನೆಗೆ ರಾತ್ರಿ ಹನ್ನೆರಡೂವರೆ. ಏಪ್ರಿಲ್ ಕೊನೆಗೆ ಹತ್ತೂವರೆ. ಮೇ ನಡುವಿಗೆ ಒಂಬತ್ತೂಕಾಲು. ಮೇ ಕೊನೆಗೆ ಎಂಟೂಕಾಲು. ದಿನಕ್ಕೆ ನಾಲ್ಕು ನಿಮಿಷ ಮೊದಲಾಗುತ್ತಾ ಬರುತ್ತದೆ, ತಿಂಗಳಿಗೆ ಎರಡು ಗಂಟೆ.

ಆ ಹೊತ್ತಿಗೆ ಎರಡು ಗಂಟೆ ಹಿಂದೆ, ಎರಡು ಗಂಟೆ ಮುಂದೆ ನೋಡಿದರೂ ನಡೆಯುತ್ತದೆ. ಇಡೀ ಶಿಲುಬೆ ಒಂದು ಮುಷ್ಟಿಗಿಂತ ಮೇಲಿರುವುದು ಒಟ್ಟು ನಾಲ್ಕೂವರೆ ಗಂಟೆ. ಆಗ್ನೇಯದಲ್ಲಿ ಎಡಕ್ಕೆ ವಾಲಿಕೊಂಡು ಏಳುತ್ತದೆ, ದಕ್ಷಿಣದಲ್ಲಿ ನೆಟ್ಟಗಾಗುತ್ತದೆ, ನೈಋತ್ಯದಲ್ಲಿ ಬಲಕ್ಕೆ ವಾಲಿ ಇಳಿಯುತ್ತದೆ.

ನನ್ನ ಆಯ್ಕೆ ಕೇಳಿದರೆ ಏಪ್ರಿಲ್, ಅದರಲ್ಲೂ ಮಳೆ ಬಂದು ನಿಂತ ಮಾರನೇ ರಾತ್ರಿ. ಬೇಸಿಗೆಯ ದೂಳು, ಒಣಗಿದ ಕಾಡಿನ ಹೊಗೆ ಎಲ್ಲ ತೊಳೆದು ಹೋಗಿರುತ್ತದೆ. ಹೂಮಳೆಗೆ ಕಾಯುವುದರಲ್ಲಿ ಬೆಳೆಗಾರರಿಗೆ ಒಂದು ಕಾರಣ, ನನಗೆ ಎರಡು. ಮೇ ಹೊತ್ತಿಗೆ ಸಮಯ ಅನುಕೂಲ, ಊಟ ಮಾಡಿ ಹೊರಗೆ ಬಂದರೆ ಸಾಕು. ಆದರೆ ಸಂಜೆಯಾದರೆ ಗುಡುಗು ಮಳೆ. ಹುಣ್ಣಿಮೆಯ ಆಸುಪಾಸಿನ ದಿನಗಳನ್ನು ಬಿಡಿ.

ಅಷ್ಟು ನಕ್ಷತ್ರಗಳ ನಡುವೆ ಹುಡುಕುವುದು ಹೇಗೆ?

ಹಸ್ತದಿಂದ ಇಳಿಯಿರಿ. ಹಸ್ತ ನಕ್ಷತ್ರ ಅಂದರೆ ಒಂದು ಓರೆ ಚೌಕದ ಹಾಗೆ ಕಾಣುವ ಪುಟ್ಟ ಗುಂಪು. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹತ್ತೂವರೆಗೆ ದಕ್ಷಿಣಕ್ಕೆ ಮುಖ ಮಾಡಿ, ಕತ್ತು ಚೆನ್ನಾಗಿ ಮೇಲೆತ್ತಿ ನೋಡಿ. ನೆತ್ತಿಗಿಂತ ಮೂರೂವರೆ ಮುಷ್ಟಿ ಕೆಳಗೆ ಇರುತ್ತದೆ. ಪಕ್ಕದಲ್ಲಿ ಎಡಕ್ಕೆ ಬೆಳ್ಳಗೆ ಹೊಳೆಯುವುದು ಚಿತ್ತೆ. ಹಸ್ತದಿಂದ ನೇರ ಕೆಳಗೆ ಮತ್ತೆ ಮೂರೂವರೆ ಮುಷ್ಟಿ ಇಳಿದರೆ ಶಿಲುಬೆಯ ತುದಿ.

ಇದನ್ನು ನಮ್ಮಲ್ಲಿ ಹೇಳಿಕೊಡುವುದು ಸುಲಭ. ನಕ್ಷತ್ರ ನೋಡದವರಿಗೂ ಹಸ್ತ, ಚಿತ್ತೆ ಹೆಸರು ಮಳೆಯಿಂದ ಗೊತ್ತಿರುತ್ತದೆ.

ಹಾಗಾದರೆ ಹಸ್ತ ಮಳೆ ಬರುವಾಗ ತ್ರಿಶಂಕು ಯಾಕೆ ಕಾಣಲ್ಲ?

ಪಕ್ಕದ ತೋಟದ ಅಜ್ಜ ಕೇಳಿದ ಪ್ರಶ್ನೆ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಇಂಜಿನಿಯರೂ ನಮ್ಮ ಕಣದಲ್ಲಿ ಕೇಳಿಲ್ಲ.

ಹಸ್ತ ಮಳೆ ಅಂದರೆ ಸೂರ್ಯ ಹಸ್ತ ನಕ್ಷತ್ರದಲ್ಲಿ ಇರುವಾಗ ಬರುವ ಮಳೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹತ್ತರ ಆಸುಪಾಸು. ಸೂರ್ಯ ಎಲ್ಲಿದ್ದಾನೋ ಆ ನಕ್ಷತ್ರ ನಮಗೆ ಕಾಣುವುದಿಲ್ಲ, ಅದು ಹಗಲಿನ ಆಕಾಶದಲ್ಲಿರುತ್ತದೆ. ಹಸ್ತದ ನೇರ ಕೆಳಗೇ ತ್ರಿಶಂಕು ಇರುವುದರಿಂದ ಅದೂ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಆರು ತಿಂಗಳು ಕಳೆದು ಸೂರ್ಯ ಎದುರು ಬದಿಗೆ ಹೋದಾಗ, ಅಂದರೆ ಮಾರ್ಚ್ ಕೊನೆಗೆ, ಹಸ್ತವೂ ತ್ರಿಶಂಕುವೂ ನಡುರಾತ್ರಿಯಲ್ಲಿ ದಕ್ಷಿಣಕ್ಕೆ ಬರುತ್ತವೆ.

ಅಜ್ಜನಿಗೆ ಇದನ್ನು ಹೇಳಿದಾಗ, "ಹಂಗಾದ್ರೆ ಹಸ್ತದ ಮಳೆಲಿ ಹಸ್ತ ನೋಡಿದ್ದೀನಿ ಅಂತ ಯಾರಾದ್ರೂ ಹೇಳಿದ್ರೆ ಸುಳ್ಳು ಅಂತ ತಿಳ್ಕೋಬೋದು" ಅಂದರು.

ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಕಾಣುತ್ತಾ? ಹುತ್ತರಿ ರಾತ್ರಿ?

ಸಂಕ್ರಮಣಕ್ಕೆ ಇಲ್ಲ, ಆಗಲೂ ಸೂರ್ಯ ಅದೇ ಕಡೆ. ಹುತ್ತರಿ ರಾತ್ರಿ ಕದಿರು ತೆಗೆಯುವ ಹೊತ್ತಿಗೂ ಇಲ್ಲ. ಅವತ್ತು ಹುಣ್ಣಿಮೆ ಚಂದ್ರನ ಹತ್ತಿರ ರೋಹಿಣಿ ನೋಡಿ, ಸಾಕು.

ಮಾರ್ಚ್‌ನಲ್ಲಿ ರಾತ್ರಿ ಒಂಬತ್ತೂವರೆಗೇ ಶಿಲುಬೆ ನೋಡಿದೆ. ನಿಮ್ಮ ಸಮಯ ತಪ್ಪಲ್ವಾ?

ನೀವು ನೋಡಿದ್ದು ಸುಳ್ಳು ಶಿಲುಬೆ. ಬೇಜಾರು ಮಾಡಿಕೊಳ್ಳಬೇಡಿ. ನಾನು ಎರಡು ವರ್ಷ ಬಂದ ನೆಂಟರಿಗೆಲ್ಲ ಅದನ್ನೇ ತ್ರಿಶಂಕು ಅಂತ ತೋರಿಸಿದ್ದೇನೆ. ವಿಶ್ವಾಮಿತ್ರನ ಕಥೆಯನ್ನೂ ಸೇರಿಸಿ ಹೇಳಿದ್ದೆ. ಮೂರನೇ ವರ್ಷ ಹಾಗೇ ತೋರಿಸುತ್ತಿದ್ದಾಗ ಅಣ್ಣನ ಮಗಳು, "ಚಿಕ್ಕಪ್ಪ, ಧ್ವಜದಲ್ಲಿ ಐದನೇ ಚಿಕ್ಕ ನಕ್ಷತ್ರ ಇದೆಯಲ್ಲ, ಇಲ್ಲಿ ಎಲ್ಲಿ?" ಅಂತ ಕೇಳಿದಳು. ಹುಡುಕಿದೆ. ಇರಲಿಲ್ಲ. ಅವತ್ತು ಹನ್ನೆರಡೂವರೆವರೆಗೆ ಎದ್ದು ಕೂತೆ. ಹಲಸಿನ ಮರದ ಎಡಕ್ಕೆ ನಿಜವಾದದ್ದು ಬಂತು. ಫೋನ್ ಮಾಡಿ ಹೇಳಬೇಕಾದ ನೆಂಟರ ಪಟ್ಟಿ ಉದ್ದ ಇತ್ತು, ಇಬ್ಬರಿಗೆ ಮಾತ್ರ ಹೇಳಿದೆ.

ಗೊಂದಲಕ್ಕೆ ಕಾರಣ ಸರಳ. ದಕ್ಷಿಣದ ಆಕಾಶದಲ್ಲಿ ಮೊದಲು ಬರುವುದು ಅಗಸ್ತ್ಯ, ಆಮೇಲೆ ಸುಳ್ಳು ಶಿಲುಬೆ, ಕೊನೆಗೆ ತ್ರಿಶಂಕು. ನಡುವೆ ಎರಡೂವರೆಯಿಂದ ಮೂರೂವರೆ ಗಂಟೆ ಅಂತರ. ಕಾವೇರಿಯನ್ನು ಕಮಂಡಲುವಿನಲ್ಲಿ ಇಟ್ಟುಕೊಂಡಿದ್ದ ಅಗಸ್ತ್ಯನ ಹೆಸರಿನ ನಕ್ಷತ್ರ ನಮ್ಮವರಿಗೆ ಗೊತ್ತು. ಅದರ ಎಡಕ್ಕೆ ಶಿಲುಬೆ ಆಕಾರ ಕಂಡ ತಕ್ಷಣ ಸಿಕ್ಕಿತು ಅಂದುಕೊಂಡುಬಿಡುತ್ತೇವೆ. ಎತ್ತರವೂ ಹೆಚ್ಚುಕಮ್ಮಿ ಒಂದೇ.

ವ್ಯತ್ಯಾಸ ಹೇಳುತ್ತೇನೆ. ಸುಳ್ಳು ಶಿಲುಬೆ ದೊಡ್ಡದು, ಮಂಕು, ಅದಕ್ಕೆ ಐದನೇ ನಕ್ಷತ್ರವಿಲ್ಲ. ನಿಜವಾದದ್ದು ಚಿಕ್ಕದು, ಹೊಳಪು ಜಾಸ್ತಿ, ತುದಿಯ ನಕ್ಷತ್ರ ಕೆಂಪು. ಎಲ್ಲಕ್ಕಿಂತ ಗ್ಯಾರಂಟಿ ಗುರುತು ಎಡಕ್ಕಿರುವ ಜೋಡಿ ದೀಪಗಳು, ಬೀಟಾ ಸೆಂಟಾರಿ ಮತ್ತು ಆಲ್ಫಾ ಸೆಂಟಾರಿ. ಅವೆರಡನ್ನು ಸೇರಿಸಿ ಗೆರೆ ಎಳೆದರೆ ಅದು ತ್ರಿಶಂಕುವಿನ ಕಡೆಗೇ ಹೋಗುತ್ತದೆ. ದೂರದ ತುದಿಯಲ್ಲಿರುವ ಆಲ್ಫಾ ಸೆಂಟಾರಿ 4.37 ಜ್ಯೋತಿರ್ವರ್ಷ ದೂರದಲ್ಲಿದೆ. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ನಮಗೆ ಅತಿ ಹತ್ತಿರದ್ದು ಅದೇ.

ಶಿಲುಬೆಯ ಐದು ನಕ್ಷತ್ರಗಳು ಯಾವುವು?

ಶಿಲುಬೆ ನೆಟ್ಟಗೆ ನಿಂತಿದೆ ಅಂದುಕೊಳ್ಳಿ, ನೀವು ದಕ್ಷಿಣಕ್ಕೆ ನೋಡುತ್ತಿದ್ದೀರಿ.

ಬುಡದಲ್ಲಿರುವುದು ಅಕ್ರಕ್ಸ್. ಐದರಲ್ಲಿ ಅತಿ ಹೊಳಪಿನದು. ಕಾಂತಿಮಾನ 0.8ರ ಆಸುಪಾಸು (ಈ ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ). ಆಕಾಶದ ಮೊದಲ ದರ್ಜೆಯ ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ದಕ್ಷಿಣದಲ್ಲಿರುವುದು ಇದೇ. ದೂರ ಸುಮಾರು 320 ಜ್ಯೋತಿರ್ವರ್ಷ. ಇವತ್ತು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಕೊಡಗನ್ನು ಹಾಲೇರಿ ಅರಸರು ಆಳುತ್ತಿದ್ದರು. ಬರಿಗಣ್ಣಿಗೆ ಒಂದೇ ಚುಕ್ಕಿ. ಸಾಧಾರಣ ಟೆಲಿಸ್ಕೋಪಿನಲ್ಲಿ ಎರಡಾಗುತ್ತದೆ, ಎರಡೂ ನೀಲಿ ಛಾಯೆಯ ಬಿಳುಪು. ಆ ಎರಡರಲ್ಲಿ ಹೊಳಪಾದದ್ದು ಮತ್ತೆ ಜೋಡಿ ನಕ್ಷತ್ರ, ಒಂದನ್ನೊಂದು 76 ದಿನಕ್ಕೊಮ್ಮೆ ಸುತ್ತುತ್ತವೆ. ಅದನ್ನು ಬಿಡಿಸಿ ನೋಡುವುದು ನಮ್ಮ ನಿಮ್ಮ ಟೆಲಿಸ್ಕೋಪಿಗೆ ಸಾಧ್ಯವಿಲ್ಲ.

ಎಡಗೈಯಲ್ಲಿರುವುದು ಮಿಮೋಸಾ, ಸುಮಾರು 280 ಜ್ಯೋತಿರ್ವರ್ಷ. ಇದು ಕೆಲವೇ ಗಂಟೆಗಳಿಗೊಮ್ಮೆ ಉಬ್ಬಿ ಕುಗ್ಗುವ ನಕ್ಷತ್ರ. ಹೊಳಪಿನ ಏರಿಳಿತ ಎಷ್ಟು ಕಡಿಮೆ ಅಂದರೆ ಕಣ್ಣಿಗೆ ತಿಳಿಯುವುದಿಲ್ಲ.

ತುದಿಯಲ್ಲಿರುವುದು ಗ್ಯಾಕ್ರಕ್ಸ್. ನನಗೆ ಇಷ್ಟವಾದದ್ದು ಇದೇ. ಉಳಿದ ಮೂರು ನೀಲಿ ಬಿಳುಪಾದರೆ ಇದೊಂದು ಕೆಂಪು ದೈತ್ಯ. ನೋಡಲು ಒಂದೇ ಗುಂಪಿನ ಹಾಗಿದ್ದರೂ ದೂರ ಬರೀ 88 ಜ್ಯೋತಿರ್ವರ್ಷ, ಅಕ್ರಕ್ಸ್‌ಗಿಂತ ಮೂರೂವರೆ ಪಟ್ಟು ಹತ್ತಿರ. ಅಂದರೆ ಈ ಶಿಲುಬೆ ನಾವು ನಿಂತ ಜಾಗದಿಂದ ಮಾತ್ರ ಶಿಲುಬೆ. ಮನೆಯಲ್ಲಿ ಎಂಬತ್ತೆಂಟು ತುಂಬಿದ ಅಜ್ಜಿ ಇದ್ದರೆ ಕರೆದುಕೊಂಡು ಬಂದು ತೋರಿಸಿ. ಅವರು ಹುಟ್ಟಿದ ವರ್ಷ ಹೊರಟ ಬೆಳಕು ಅದು.

ಬಲಗೈ ಇಮಾಯ್. ಇಥಿಯೋಪಿಯಾದ ಮುರ್ಸಿ ಜನರ ಹೆಸರು, 2018ರಲ್ಲಿ ಅಧಿಕೃತವಾಯಿತು. ಬಲಗೈಗೂ ಬುಡಕ್ಕೂ ನಡುವೆ ಇರುವ ಮಂಕು ಐದನೆಯದು ಗಿನಾನ್, ಆಸ್ಟ್ರೇಲಿಯಾದ ವಾರ್ಡಮನ್ ಜನರ ಹೆಸರು. ಆಸ್ಟ್ರೇಲಿಯಾದವರು ಇದನ್ನು ಧ್ವಜದಲ್ಲಿ ಸೇರಿಸಿದ್ದಾರೆ, ನ್ಯೂಜಿಲೆಂಡಿನವರು ಬಿಟ್ಟಿದ್ದಾರೆ. ಕ್ರಿಕೆಟ್ ನೋಡುವಾಗ ಗಮನಿಸಿ.

ನಮಗೆ ಎಲ್ಲವೂ ಕೆಂಪಾಗಿ, ಮಿಣಮಿಣ ಅಂತ ಕಂಡವು. ಯಾಕೆ?

ತಗ್ಗಿನಲ್ಲಿರುವುದಕ್ಕೆ. 15 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರದ ಬೆಳಕು ನೆತ್ತಿಯ ಮೇಲಿನದಕ್ಕಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು ಗಾಳಿ ದಾಟಿ ಬರಬೇಕು. ಅಷ್ಟರಲ್ಲಿ ನೀಲಿ ಚದುರಿ ಹೋಗಿರುತ್ತದೆ, ಹೊಳಪೂ ಇಳಿದಿರುತ್ತದೆ. ಮುಳುಗುವ ಸೂರ್ಯ ಕೆಂಪಾಗುವುದೂ ಇದೇ ಕಾರಣಕ್ಕೆ. ಶಿಲುಬೆ ನೆಟ್ಟಗಾಗುವವರೆಗೆ ಕಾಯಿರಿ. ಆಗ ಗ್ಯಾಕ್ರಕ್ಸ್‌ನ ಕೆಂಪು ಉಳಿದವುಗಳಿಂದ ಬೇರೆಯಾಗಿ ಎದ್ದು ಕಾಣುತ್ತದೆ.

ಜ್ಯುವೆಲ್ ಬಾಕ್ಸ್ ಅಂತ ಇದೆಯಂತಲ್ಲ, ಅದು ಎಲ್ಲಿ?

ಮಿಮೋಸಾದಿಂದ ಎಡಕ್ಕೆ, ತುಸು ಕೆಳಗೆ, ಒಂದು ಡಿಗ್ರಿ ದೂರದಲ್ಲಿ. ಚಾಚಿದ ಕೈಯ ಕಿರುಬೆರಳಿನ ಅಗಲದಷ್ಟು. ಎನ್‌ಜಿಸಿ 4755 ಅನ್ನುವುದು ಪಟ್ಟಿಯ ಹೆಸರು. ಸುಮಾರು ನೂರು ನಕ್ಷತ್ರಗಳ ಗುಚ್ಛ, ದೂರ 6,400 ಜ್ಯೋತಿರ್ವರ್ಷ ಅಂತ ಅಂದಾಜು. ಮಿಮೋಸಾಕ್ಕೆ ಅಂಟಿದಂತೆ ಕಂಡರೂ ಅದಕ್ಕಿಂತ ಇಪ್ಪತ್ತು ಪಟ್ಟು ಹಿಂದಿದೆ.

ಫ್ರಾನ್ಸಿನ ನಿಕೊಲಾ ಲೂಯಿ ದ ಲಕಾಯ್ 1750ರ ದಶಕದ ಶುರುವಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಕೂತು ದಕ್ಷಿಣದ ಆಕಾಶವನ್ನು ಪಟ್ಟಿ ಮಾಡುವಾಗ ಇದನ್ನು ಗುರುತು ಹಾಕಿದರು. ಅವರ ದುರ್ಬೀನು ಎಷ್ಟು ಸಣ್ಣದಿತ್ತೆಂದರೆ ಈ ಗುಚ್ಛ ಅವರಿಗೆ ಮಸುಕಾದ ಕಲೆಯಂತೆಯೇ ಕಂಡಿತು. 1830ರ ದಶಕದಲ್ಲಿ ಅದೇ ಕೇಪ್‌ಗೆ ದೊಡ್ಡ ಟೆಲಿಸ್ಕೋಪ್ ಸಾಗಿಸಿಕೊಂಡು ಹೋದ ಜಾನ್ ಹರ್ಷಲ್ ಇದನ್ನು ಬಣ್ಣ ಬಣ್ಣದ ರತ್ನಗಳ ಪೆಟ್ಟಿಗೆಗೆ ಹೋಲಿಸಿದರು. ಹೆಸರು ಬಂದದ್ದು ಅಲ್ಲಿಂದ.

ಕೊಡಗಿನಿಂದ ಏನು ಕಾಣುತ್ತದೆ ಅಂತ ನಿಜ ಹೇಳುತ್ತೇನೆ. ಬರಿಗಣ್ಣಿಗೆ, ಗಾಳಿ ತುಂಬಾ ಸ್ವಚ್ಛವಿದ್ದರೆ, ಒಂದು ಮಂಕು ನಕ್ಷತ್ರ ಇದ್ದಂತೆ. ಸಾಮಾನ್ಯ 10x50 ಬೈನಾಕ್ಯುಲರ್‌ನಲ್ಲಿ ಮಂಜಿನಲ್ಲಿ ಅದ್ದಿದ ಮೂರ್ನಾಲ್ಕು ಚುಕ್ಕಿ. ಮೂರು ಇಂಚಿನ ಟೆಲಿಸ್ಕೋಪಿನಲ್ಲಿ 50 ಪಟ್ಟು ದೊಡ್ಡದು ಮಾಡಿ ನೋಡಿದರೆ ಮಾತ್ರ ಇಂಗ್ಲಿಷಿನ 'ಎ' ಅಕ್ಷರದ ಆಕಾರ ಬಿಡಿಸಿಕೊಳ್ಳುತ್ತದೆ. ಆ ಅಕ್ಷರದ ಅಡ್ಡಗೆರೆಯ ಮೇಲೆ ನೀಲಿ ನಕ್ಷತ್ರಗಳ ಪಕ್ಕ ಒಂದು ಕೆಂಪು. ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಅರೇಬಿಕಾ ಗಿಡದ ಗೊಂಚಲು. ಎಲ್ಲ ಕಾಯಿಯೂ ಇನ್ನೂ ಎಳೆಯದಿರುವಾಗ ನಡುವೆ ಒಂದೇ ಒಂದು ಹಣ್ಣಾಗಿರುತ್ತದಲ್ಲ, ಹಾಗೆ.

ಹೋಲಿಕೆ ಬಾಯಿಮಾತಿಗಷ್ಟೇ ಅಲ್ಲ, ವಿಷಯವೂ ಹಾಗೇ ಇದೆ. ಗುಚ್ಛದ ನಕ್ಷತ್ರಗಳೆಲ್ಲ ಒಂದೇ ಕಾಲಕ್ಕೆ ಹುಟ್ಟಿದವು, ಒಂದೂವರೆ ಕೋಟಿ ವರ್ಷದೊಳಗೆ. ನಮ್ಮ ಸೂರ್ಯನಿಗೆ 460 ಕೋಟಿ ವರ್ಷ, ಅದರ ಮುಂದೆ ಇವು ನಿನ್ನೆ ಮೊನ್ನೆಯ ಕೂಸು. ಆದರೆ ತೂಕ ಹೆಚ್ಚಿರುವ ನಕ್ಷತ್ರ ತನ್ನ ಉರುವಲನ್ನು ಬೇಗ ಸುಟ್ಟುಕೊಳ್ಳುತ್ತದೆ. ಆ ಕೆಂಪು ನಕ್ಷತ್ರ ಉಳಿದವುಗಳಿಗಿಂತ ಮೊದಲೇ ಮಾಗಿ, ಉಬ್ಬಿ, ಕೆಂಪು ಮಹಾದೈತ್ಯವಾಗಿದೆ.

ಶಿಲುಬೆಯ ಪಕ್ಕ ಒಂದು ಕಪ್ಪು ತೂತು ಕಂಡಿತು. ಬ್ಲ್ಯಾಕ್ ಹೋಲಾ?

ಅಲ್ಲ. ಅದು ಕೋಲ್‌ಸ್ಯಾಕ್, ಕಲ್ಲಿದ್ದಲಿನ ಚೀಲ. ಅದನ್ನು ನೋಡಿದ್ದೀರಿ ಅಂದರೆ ನಿಮ್ಮ ಊರಿನ ಆಕಾಶ ಬಹಳ ಚೆನ್ನಾಗಿದೆ. ತ್ರಿಶಂಕು ಇರುವುದು ಆಕಾಶಗಂಗೆಯ ಪಟ್ಟಿಯ ಮೇಲೆ. ಅಕ್ರಕ್ಸ್, ಮಿಮೋಸಾ ಎರಡರ ಎಡಕ್ಕೆ, ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿ, ದೂಳು ಮತ್ತು ಅನಿಲದ ದೊಡ್ಡ ಮೋಡವಿದೆ. ಹಿಂದಿನ ನಕ್ಷತ್ರಗಳ ಬೆಳಕನ್ನು ಅದು ತಡೆಯುವುದರಿಂದ ಅಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಇದನ್ನು ಎಮು ಹಕ್ಕಿಯ ತಲೆ ಅನ್ನುತ್ತಾರೆ. ನಕ್ಷತ್ರದ ಬದಲು ಕತ್ತಲಿನಲ್ಲೇ ಚಿತ್ರ ಕಂಡವರು ಅವರು.

ಬೇರೆ ಗುಚ್ಛಗಳಿಲ್ವಾ?

ಇವೆ. ಅಕ್ರಕ್ಸ್‌ನ ಎಡಕ್ಕೆ ಎನ್‌ಜಿಸಿ 4609. ಇನ್ನೂ 4103, 4349 ಅಂತ ಎರಡು. ಈ ಎತ್ತರದಲ್ಲಿ ಇವುಗಳ ಹಿಂದೆ ಬೀಳುವುದು ನನ್ನ ಮಟ್ಟಿಗೆ ದಂಡ. ಅದರ ಬದಲು ಶಿಲುಬೆಯ ತುದಿಯಿಂದ ಮೇಲೆ ಎಡಕ್ಕೆ ಒಂದೂ ಕಾಲು ಮುಷ್ಟಿ ಹೋಗಿ ಒಮೆಗಾ ಸೆಂಟಾರಿ ಹುಡುಕಿ. ತ್ರಿಶಂಕುವಿನದಲ್ಲ, ಪಕ್ಕದ ಪುಂಜದ್ದು. ಲಕ್ಷಗಟ್ಟಲೆ ನಕ್ಷತ್ರಗಳು ಒಂದೇ ಉಂಡೆಯಾಗಿರುವ ಗೋಳಗುಚ್ಛ, ನಮ್ಮ ಆಕಾಶಗಂಗೆಯಲ್ಲಿ ಇದಕ್ಕಿಂತ ದೊಡ್ಡದಿಲ್ಲ. ನಮಗೆ 30 ಡಿಗ್ರಿ ಎತ್ತರಕ್ಕೆ ಬರುತ್ತದೆ, ಬೈನಾಕ್ಯುಲರ್‌ನಲ್ಲಿ ಹತ್ತಿ ಉಂಡೆಯ ಹಾಗೆ ಕಾಣುತ್ತದೆ.

ತ್ರಿಶಂಕು ಅನ್ನುವ ಹೆಸರು ಯಾಕೆ?

ರಾಮಾಯಣದಲ್ಲಿ ಬರುವ ಕಥೆ. ತ್ರಿಶಂಕು ರಾಜನಿಗೆ ಈ ದೇಹದಲ್ಲೇ ಸ್ವರ್ಗಕ್ಕೆ ಹೋಗುವ ಆಸೆ. ಕುಲಗುರು ವಸಿಷ್ಠರು ಆಗಲ್ಲ ಅಂದರು. ವಿಶ್ವಾಮಿತ್ರ ಹಟ ಹಿಡಿದು ಮೇಲೆ ಕಳಿಸಿದ, ಇಂದ್ರ ಕೆಳಗೆ ನೂಕಿದ, ವಿಶ್ವಾಮಿತ್ರ 'ನಿಲ್ಲು' ಅಂದ. ರಾಜ ನಡುವೆ ತಲೆಕೆಳಗಾಗಿ ನಿಂತ. ಅವನಿಗೋಸ್ಕರ ವಿಶ್ವಾಮಿತ್ರ ದಕ್ಷಿಣದಲ್ಲಿ ಹೊಸ ನಕ್ಷತ್ರಗಳನ್ನೇ ಮಾಡಿದ. ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವುದಕ್ಕೆ ತ್ರಿಶಂಕು ಸ್ಥಿತಿ ಅನ್ನುತ್ತೇವಲ್ಲ, ಅದು ಇದೇ. ನೆಲಕ್ಕೂ ತಾಗದೆ ಮೇಲಕ್ಕೂ ಏರದೆ, ಒಂದೂವರೆ ಮುಷ್ಟಿ ಎತ್ತರದಲ್ಲಿ ಸುಳಿದು ಹೋಗುವ ಈ ಗುಂಪನ್ನು ನಮ್ಮ ಕಡೆಯಿಂದ ನೋಡಿದರೆ ಹೆಸರು ಸರಿಯಾಗಿಯೇ ಹೊಂದುತ್ತದೆ. ಸಿಡ್ನಿಯಲ್ಲಿ ನಿಂತು ನೋಡಿದವರಿಗೆ ಈ ಕಥೆ ಹೊಳೆಯಲು ಸಾಧ್ಯವೇ ಇರಲಿಲ್ಲ.

ದೆಹಲಿಯ ನೆಂಟರು ಅವರಿಗೆ ಕಾಣಲ್ಲ ಅಂತಾರೆ. ನಿಜವಾ?

ನಿಜ. ದೆಹಲಿಯಿಂದ ಅಕ್ರಕ್ಸ್ ಹುಟ್ಟುವುದೇ ಇಲ್ಲ. ಗ್ಯಾಕ್ರಕ್ಸ್ ಬರೀ ನಾಲ್ಕು ಡಿಗ್ರಿ ಏರುತ್ತದೆ, ಅದು ಅಲ್ಲಿನ ಹೊಗೆಯಲ್ಲೇ ಕಳೆದುಹೋಗುತ್ತದೆ. ಮೇ ರಜೆಗೆ ಬಂದವರಿಗೆ ಅಬ್ಬಿ ಫಾಲ್ಸ್ ಜೊತೆ ಇದನ್ನೂ ತೋರಿಸಿ. ಮೇ ತಿಂಗಳಲ್ಲಿ ಅಲ್ಲಿ ನೀರು ಹೇಗೂ ಕಮ್ಮಿ.

ಆದರೆ ಎರಡು ಸಾವಿರ ವರ್ಷದ ಹಿಂದೆ ಹೀಗಿರಲಿಲ್ಲ. ಬುಗುರಿ ತಲೆಯಾಡಿಸುವ ಹಾಗೆ ಭೂಮಿಯೂ 26,000 ವರ್ಷಕ್ಕೆ ಒಂದು ಸುತ್ತು ತಲೆಯಾಡಿಸುತ್ತದೆ. ಅದರಿಂದ ತ್ರಿಶಂಕು ಈಗ ನೂರು ವರ್ಷಕ್ಕೆ ಹುಣ್ಣಿಮೆ ಚಂದ್ರನ ಅಗಲದಷ್ಟು ದಕ್ಷಿಣಕ್ಕೆ ಜಾರುತ್ತಿದೆ. ಹಿಂದೆ ಇನ್ನೂ ಎತ್ತರದಲ್ಲಿತ್ತು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ಕೂಡ ಈ ನಕ್ಷತ್ರಗಳನ್ನು ಸೆಂಟಾರಸ್ ಪುಂಜದ ಭಾಗವಾಗಿ ಬರೆದಿಟ್ಟಿದ್ದಾನೆ. ಆಮೇಲೆ ಯುರೋಪಿನವರಿಗೆ ಅವು ಕಣ್ಮರೆಯಾಗಿ ಮರೆತೇಹೋದವು. ಹಡಗಿನಲ್ಲಿ ದಕ್ಷಿಣಕ್ಕೆ ಬಂದಾಗ ಮತ್ತೆ ಕಂಡವು. ಆಂಡ್ರಿಯಾ ಕೊರ್ಸಾಲಿ ಅನ್ನುವ ಇಟಲಿಯವನು ಪೋರ್ಚುಗೀಸರ ಹಡಗಿನಲ್ಲಿ ಬಂದು, ನಮ್ಮ ಪಕ್ಕದ ಕೊಚ್ಚಿಯಿಂದ ಊರಿಗೆ ಬರೆದ ಕಾಗದದಲ್ಲಿ ಇದರ ಚಿತ್ರ ಬರೆದು ಕಳಿಸಿದ. 1516ರಲ್ಲಿ ಅದು ಫ್ಲಾರೆನ್ಸಿನಲ್ಲಿ ಅಚ್ಚಾಯಿತು.

ದಕ್ಷಿಣ ಭಾರತದ್ದು ಇನ್ನೊಂದಿದೆ. ಪಕ್ಕದ ಆಲ್ಫಾ ಸೆಂಟಾರಿ ಒಂದಲ್ಲ, ಎರಡು ನಕ್ಷತ್ರ ಅಂತ ಮೊದಲು ಕಂಡದ್ದು ಪಾಂಡಿಚೇರಿಯಿಂದ. 1689ರಲ್ಲಿ ಧೂಮಕೇತು ನೋಡುತ್ತಿದ್ದ ಜೆಸ್ಯೂಟ್ ಪಾದ್ರಿ ಜ್ಯಾನ್ ರಿಷೋ ಕಣ್ಣಿಗೆ ಬಿತ್ತು. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಕೂಡ ಹೆಚ್ಚುಕಮ್ಮಿ ಮಡಿಕೇರಿಯ ಅಕ್ಷಾಂಶದಲ್ಲೇ ಇದೆ. ಅಲ್ಲಿನ 2.3 ಮೀಟರ್ ಟೆಲಿಸ್ಕೋಪಿಗೂ ನಿಮ್ಮ ಕಣಕ್ಕೂ ತ್ರಿಶಂಕು ಒಂದೇ ಎತ್ತರ.

ದಾರಿ ತಪ್ಪಿದರೆ ಇದರಿಂದ ದಿಕ್ಕು ತಿಳಿಯಬಹುದಾ?

ಶಿಲುಬೆ ನೆಟ್ಟಗೆ ನಿಂತಾಗ ಅದರ ಬುಡ ತೋರಿಸುವುದು ಸರಿಯಾದ ದಕ್ಷಿಣ. ಉದ್ದದ ಗೆರೆಯನ್ನು ನಾಲ್ಕೂವರೆ ಪಟ್ಟು ಮುಂದುವರಿಸಿದರೆ ದಕ್ಷಿಣ ಧ್ರುವದ ಬಿಂದು ಸಿಗುತ್ತದೆ ಅಂತ ಪುಸ್ತಕಗಳಲ್ಲಿ ಇರುತ್ತದೆ. ನಮಗೆ ಆ ಬಿಂದು ನೆಲದಡಿ 12 ಡಿಗ್ರಿ ಕೆಳಗಿದೆ, ಗೆರೆ ಕಾಫಿ ಗಿಡದೊಳಗೆ ಹೋಗಿ ನಿಲ್ಲುತ್ತದೆ.

ರಾಜಾಸೀಟ್, ಮಾಂದಲಪಟ್ಟಿ, ತಡಿಯಂಡಮೋಳ್‌ಗೆ ಹೋಗಬೇಕಾ?

ಬೇಡ. ರಾಜಾಸೀಟ್ ಸೂರ್ಯಾಸ್ತಕ್ಕೆ ಚೆನ್ನ, ಅದು ನೋಡುವುದು ಪಶ್ಚಿಮಕ್ಕೆ, ಊರಿನ ದೀಪಗಳೂ ಹತ್ತಿರ. ಬೆಟ್ಟದ ಮೇಲೆ ರಾತ್ರಿ ಇರಲು ಅನುಮತಿಯ ತಾಪತ್ರಯ. ದಕ್ಷಿಣ ತೆರೆದಿರುವ ಒಂದು ಕಣ, ಅಂಗಳದ ದೀಪ ಆರಿಸುವ ಮನೆಯವರು, ಇಷ್ಟಿದ್ದರೆ ಸಾಕು. ಈಗ ತೋಟಕ್ಕೊಂದು ಎಲ್‌ಇಡಿ ಫ್ಲಡ್‌ಲೈಟ್ ಬಂದಿದೆ. ಪಕ್ಕದವರಿಗೆ ಹೇಳಿ ಅರ್ಧ ಗಂಟೆ ಆರಿಸಿ, ನಕ್ಷತ್ರ ತೋರಿಸುತ್ತೇವೆ ಅಂದರೆ ಖುಷಿಯಿಂದ ಆರಿಸುತ್ತಾರೆ.

ಆನೆ ಬರುತ್ತೆ, ರಾತ್ರಿ ಹೊರಗೆ ಹೋಗೋದು ಹೇಗೆ?

ಹೋಗಬೇಡಿ. ಆನೆ ಓಡಾಡುವ ಕಡೆ, ಅದರಲ್ಲೂ ಬೆಳಗಿನ ಜಾವ, ತೋಟದೊಳಗೆ ಹೋಗಿ ನಿಲ್ಲುವುದು ಹುಚ್ಚು. ಮನೆಯ ತಾರಸಿಯಿಂದ, ಜಗಲಿಯಿಂದ ಕಾಣುವುದಾದರೆ ನೋಡಿ. ಇಲ್ಲದಿದ್ದರೆ ಪೇಟೆಯ ನೆಂಟರ ಮನೆ ತಾರಸಿ.

ಮೊಬೈಲಲ್ಲಿ ಫೋಟೋ ಬರುತ್ತಾ?

ಬರುತ್ತದೆ. ನೈಟ್ ಮೋಡ್ ಹಾಕಿ, ಫೋನನ್ನು ಕೈಯಲ್ಲಿ ಹಿಡಿಯದೆ ಕಾಫಿ ಚೀಲಕ್ಕೆ ಒರಗಿಸಿ ಇಡಿ. ಮೂರು ಸೆಕೆಂಡಿನ ಟೈಮರ್ ಹಾಕಿದರೆ ಬೆರಳು ತಾಗಿ ಅಲುಗುವುದಿಲ್ಲ. ಗ್ಯಾಕ್ರಕ್ಸ್‌ನ ಬಣ್ಣ ಕಣ್ಣಿಗಿಂತ ಫೋಟೋದಲ್ಲೇ ಸ್ಪಷ್ಟ.

ಈ ಸಲ ಮಳೆ ಬಂದು ತಪ್ಪಿಹೋಯಿತು. ಮುಂದೆ ಯಾವಾಗ?

ಡಿಸೆಂಬರ್ ನಡುವಿಗೆ, ಬೆಳಗಿನ ಜಾವ ಐದೂವರೆಗೆ, ಎಡಕ್ಕೆ ವಾಲಿಕೊಂಡು ಮತ್ತೆ ಬಂದಿರುತ್ತದೆ. ಸಂಕ್ರಾಂತಿ ಹೊತ್ತಿಗೆ ನೆಟ್ಟಗೆ. ಗದ್ದೆ ಬಯಲಲ್ಲಿ ಆಗ ಮಂಜು ಕೂತಿರುತ್ತದೆ, ಎತ್ತರದ ಜಾಗ ನೋಡಿಕೊಳ್ಳಿ. ಕಾಫಿ ಕುಯ್ಲಿನ ಕಾಲ, ಹೇಗೂ ಬೇಗ ಏಳುತ್ತೀರಿ. ಐದಕ್ಕೆ ಅಲಾರಂ ಇಟ್ಟು, ನೀರಿನ ಹಂಡೆಗೆ ಬೆಂಕಿ ಹಾಕಿ, ಕಂಬಳಿ ಹೊದ್ದು ಅಂಗಳಕ್ಕೆ ಬನ್ನಿ. ನೀರು ಕಾಯುವಷ್ಟರಲ್ಲಿ ನೋಡಿ ಮುಗಿಯುತ್ತದೆ.